ನಲ್ಲಿಗೆ ಹೋಗುವ ಮೊದಲು ತಂಪು ಕೊಟ್ಟು ಹೋಗುವ ನೀರು: ಟೊರಾಂಟೊದ ಒಂದು ಪ್ರಕರಣ

ಬೆಂಗಳೂರಿನ ಆಫೀಸ್ ಕಟ್ಟಡಗಳ ಚಿಲ್ಲರ್ ಪ್ಲಾಂಟ್‌ಗಳಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ನೆಲಮಾಳಿಗೆಯಲ್ಲಿ ಎಸಿಗೆ ಬೇಕಾದ ನೀರನ್ನು ತಣ್ಣಗೆ ಮಾಡುತ್ತಾ ಗುಂಯ್ ಅನ್ನುವ ಚಿಲ್ಲರ್, ಟೆರೇಸ್ ಮೇಲೆ ಅದರ ಶಾಖವನ್ನು ಹೊರಹಾಕುತ್ತಾ ಹಬೆಯಾಡುವ ಕೂಲಿಂಗ್ ಟವರ್, ಗೇಟಿನ ಹತ್ತಿರ ಸಾಲಾಗಿ ನಿಂತ ನೀರಿನ ಟ್ಯಾಂಕರ್. ದೊಡ್ಡ ಕಟ್ಟಡಕ್ಕೆ ಎಸಿ ಬೇಕು ಅಂದರೆ ಈ ಮೂರೂ ಇರಲೇಬೇಕು ಅಂತ ನಂಬಿಕೊಂಡಿದ್ದೆ.

ನಮ್ಮ ಅಕ್ಕನ ಮಗಳು ಕೆನಡಾದ ಟೊರಾಂಟೊದಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಮೊದಲ ಬೇಸಿಗೆಯಲ್ಲಿ ಒಂದು ದಿನ ಫೋನ್ ಮಾಡಿ ಕೇಳಿದಳು: "ಮಾಮಾ, ನಮ್ಮ ಬಿಲ್ಡಿಂಗಿಗೆ ಎಸಿ ತಂಪು ಸರೋವರದಿಂದ ಬರುತ್ತಂತೆ. ಅದೇ ನೀರನ್ನ ಆಮೇಲೆ ಊರವರು ಕುಡೀತಾರಂತೆ. ನಿಜಾನಾ, ಇಲ್ಲ ಸುಮ್ನೆ ಹೇಳ್ತಾರಾ?" ನನಗೆ ನಂಬಿಕೆ ಬರಲಿಲ್ಲ. ಕುಡಿಯುವ ನೀರನ್ನು ಎಸಿಗೆ ಬಳಸುವುದು ಅಂದರೆ ನಮ್ಮ ಊರಲ್ಲಿ ಅದು ನೀರು ಹಾಳುಮಾಡುವ ಕೆಲಸ. ವಿಷಯ ಮಾತ್ರ ತಲೆಯಲ್ಲೇ ಉಳಿಯಿತು. ಸಿಕ್ಕಿದ್ದೆಲ್ಲ ಓದಿದೆ. ಎರಡು ವರ್ಷದ ನಂತರ ಜುಲೈಯಲ್ಲಿ ಅವಳ ಮನೆಗೆ ಹೋದಾಗ ಆ ಬೀದಿಗಳಲ್ಲೂ ಓಡಾಡಿ ನೋಡಿದೆ. ಅವಳು ಕೇಳಿದ್ದು ಅಕ್ಷರಶಃ ನಿಜ.

ಆ ವ್ಯವಸ್ಥೆ ಶುರುವಾದದ್ದು 2004ರ ಆಗಸ್ಟ್‌ನಲ್ಲಿ. ನಡೆಸುವ ಕಂಪನಿಯ ಹೆಸರು ಎನ್‌ವೇವ್. ಒಂಟಾರಿಯೊ ಸರೋವರದೊಳಗೆ ಸುಮಾರು 5 ಕಿಲೋಮೀಟರ್ ದೂರ, 83 ಮೀಟರ್ ಆಳಕ್ಕೆ ಮೂರು ದೊಡ್ಡ ಪೈಪ್‌ಗಳು ಹೋಗಿವೆ. ಅಲ್ಲಿಂದ ಬರುವ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮೊದಲು ಅದು ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ. ಆಮೇಲೆ ಊರಿನ ಮಧ್ಯದ ಒಂದು ಪಂಪ್‌ಹೌಸಿಗೆ ಬಂದು ತನ್ನ ತಂಪನ್ನು ಅಲ್ಲೇ ಬಿಟ್ಟುಕೊಡುತ್ತದೆ. ಅಷ್ಟಾದ ಮೇಲೆ ಜನರ ನಲ್ಲಿಗಳಿಗೆ ಹರಿಯುತ್ತದೆ. ಬಿಟ್ಟುಕೊಟ್ಟ ತಂಪು ಬ್ಯಾಂಕ್ ಗೋಪುರಗಳಿಗೆ, ನಗರಸಭೆ ಕಟ್ಟಡಕ್ಕೆ, ಸಮಾವೇಶ ಕೇಂದ್ರಕ್ಕೆ, ಐಸ್ ಹಾಕಿ ಮತ್ತು ಬಾಸ್ಕೆಟ್‌ಬಾಲ್ ಆಡುವ ದೊಡ್ಡ ಕ್ರೀಡಾಂಗಣಕ್ಕೆ ಹೋಗುತ್ತದೆ. ಸಾಮಾನ್ಯ ಚಿಲ್ಲರ್‌ಗೆ ಹೋಲಿಸಿದರೆ ತಂಪು ಮಾಡುವುದಕ್ಕೆ ಬೇಕಾದ ಕರೆಂಟಿನಲ್ಲಿ 90 ಶೇಕಡಾದಷ್ಟು ಉಳಿಯುತ್ತದೆ ಎಂದು ಕಂಪನಿ ಹೇಳುತ್ತದೆ.

ಚಿಲ್ಲರ್ ಪ್ಲಾಂಟಿನಲ್ಲಿ ದುಡಿದವರಿಗೆ ಮಾತ್ರ ಈ 90ರ ಬೆಲೆ ಪೂರ್ತಿ ಅರ್ಥವಾಗುತ್ತದೆ ಅನ್ನಿಸುತ್ತದೆ. ಒಂದೆರಡು ಶೇಕಡಾ ಉಳಿಸಲು ನಾವು ರಾತ್ರಿಯಿಡೀ ವಾಲ್ವ್ ತಿರುಗಿಸುತ್ತಾ ಕೂತದ್ದಿದೆ.

4 ಡಿಗ್ರಿಯ ಕಣಜ

ಜುಲೈಯಲ್ಲಿ ಟೊರಾಂಟೊ ತಣ್ಣಗಿರುತ್ತದೆ ಅಂದುಕೊಂಡು ಸ್ವೆಟರ್ ತಗೊಂಡು ಹೋಗಿದ್ದೆ. ಇಳಿದ ದಿನ ಮಂಗಳೂರಿನ ಸೆಕೆ ನೆನಪಾಯಿತು. 30 ಡಿಗ್ರಿ ದಾಟಿತ್ತು, ಮೈಯೆಲ್ಲ ಅಂಟಂಟು. ದಡದ ಹತ್ತಿರ ಮಕ್ಕಳು ನೀರಿಗಿಳಿದು ಆಡುತ್ತಿದ್ದರು. ಸರೋವರದ ಮೇಲಿನ ನೀರು ಆ ಕಾಲದಲ್ಲಿ 20 ಡಿಗ್ರಿಗೆ ಬರುತ್ತದೆ. ಹಾಗಿರುವಾಗ ಅದೇ ಸರೋವರದ ಆಳದಲ್ಲಿ 4 ಡಿಗ್ರಿ ಹೇಗೆ?

ನೀರು ಅತಿ ಭಾರ ಇರುವುದು ಸುಮಾರು 4 ಡಿಗ್ರಿಯಲ್ಲಿ. ಅದಕ್ಕಿಂತ ಬಿಸಿಯಾದರೂ ಹಗುರ, ಅದಕ್ಕಿಂತ ತಣ್ಣಗಾದರೂ ಹಗುರ. ಚಳಿ ಶುರುವಾದಾಗ ಸರೋವರದ ಮೇಲ್ಪದರ ತಣ್ಣಗಾಗಿ, ಭಾರವಾಗಿ, ಕೆಳಗೆ ಇಳಿಯುತ್ತದೆ. ಅದರ ಜಾಗಕ್ಕೆ ಕೆಳಗಿನ ನೀರು ಬರುತ್ತದೆ, ಅದೂ ತಣ್ಣಗಾಗಿ ಇಳಿಯುತ್ತದೆ. ಹೀಗೆ ಇಡೀ ಸರೋವರ 4 ಡಿಗ್ರಿಗೆ ಬರುತ್ತದೆ. ಆಮೇಲೆ ಮೇಲ್ಪದರ ಇನ್ನೂ ತಣ್ಣಗಾದರೆ ಹಗುರಾಗಿ ಮೇಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಿಸಿಯಾದ ನೀರೂ ಹಗುರ, ಅದೂ ಮೇಲೇ ತೇಲುತ್ತದೆ. ಹಾಗಾಗಿ ತಳದ ಭಾರದ ನೀರಿಗೆ ಬಿಸಿಲಿನ ಕಾಟವೇ ತಟ್ಟುವುದಿಲ್ಲ. ಒಂಟಾರಿಯೊ ಸರೋವರದ ಅತಿ ಆಳ 244 ಮೀಟರ್. ಸರಾಸರಿ ಆಳವೇ 86 ಮೀಟರ್ ಹತ್ತಿರ ಇದೆ. ಅಷ್ಟು ಆಳದ ತುಂಬ, ಆಗಸ್ಟ್‌ನ ಸುಡುಬಿಸಿಲಲ್ಲೂ, ಹಿಂದಿನ ಚಳಿಗಾಲದ ತಂಪು ಕೂತಿರುತ್ತದೆ. ನಮ್ಮ ಹಳ್ಳಿ ಮನೆಗಳ ಕಣಜದ ಹಾಗೆ. ಸುಗ್ಗಿಯಲ್ಲಿ ತುಂಬಿಸಿ, ಬೇಕಾದಾಗ ತೆಗೆಯುವುದು. ಇಲ್ಲಿ ಸುಗ್ಗಿ ಜನವರಿ, ತೆಗೆಯುವುದು ಜುಲೈ.

ನಮ್ಮ ಕೆಲಸದವರಿಗೆ ಇನ್ನೊಂದು ಲೆಕ್ಕವೂ ಮುಖ್ಯ. ದೊಡ್ಡ ಕಟ್ಟಡಗಳ ಎಸಿಗೆ ಚಿಲ್ಲರ್ ಕೊಡುವ ನೀರು ಸಾಮಾನ್ಯವಾಗಿ 7 ಡಿಗ್ರಿ ಇರುತ್ತದೆ. ಕಟ್ಟಡದ ಶಾಖ ಹೀರಿಕೊಂಡು 12 ಡಿಗ್ರಿಯಾಗಿ ವಾಪಸ್ ಬರುತ್ತದೆ. 12ರಿಂದ 7ಕ್ಕೆ ಇಳಿಸಲಿಕ್ಕೇ ಚಿಲ್ಲರಿನೊಳಗಿನ ಕಂಪ್ರೆಸರ್ ಅಷ್ಟು ಕರೆಂಟ್ ತಿನ್ನುವುದು. ಸರೋವರದ ನೀರು 4 ಡಿಗ್ರಿಯಲ್ಲೇ ಬಾಗಿಲಿಗೆ ಬರುತ್ತದೆ. ಅಂದರೆ ಕಂಪ್ರೆಸರಿನ ಕೆಲಸ ಮೊದಲೇ ಮುಗಿದಿದೆ. ಅದು 10 ಡಿಗ್ರಿ ಇದ್ದಿದ್ದರೆ ಇಡೀ ಯೋಜನೆಗೆ ಅರ್ಥವೇ ಇರುತ್ತಿರಲಿಲ್ಲ.

ಎತ್ತುವ ಮಾತೇ ಇಲ್ಲ

ಈ ವಿಷಯ ಹೇಳಿದಾಗ ನಮ್ಮವರೆಲ್ಲ ಮೊದಲು ಕೇಳುವುದು ಒಂದೇ: "83 ಮೀಟರ್ ಆಳದಿಂದ ನೀರು ಎತ್ತೋಕೆ ಎಷ್ಟು ಕರೆಂಟ್ ಬೇಕಪ್ಪಾ?" ಸಾವಿರ ಅಡಿ ಬೋರ್‌ವೆಲ್ ಹೊಡೆಸಿ, ತಿಂಗಳ ಬಿಲ್ ನೋಡಿ ಸುಸ್ತಾದ ಊರಿನವರು ಹಾಗೇ ಕೇಳಬೇಕು. ಆದರೆ ಇಲ್ಲಿ ಎತ್ತುವುದೇ ಇಲ್ಲ.

ಎರಡೂ ತುದಿ ತೆರೆದಿರುವ ಪೈಪನ್ನು ತೆರೆದ ಬಾವಿಯಲ್ಲಿ ತಳದ ತನಕ ಇಳಿಸಿ. ಪೈಪಿನೊಳಗೆ ನೀರು ಎಲ್ಲಿವರೆಗೆ ಬರುತ್ತದೆ? ಬಾವಿಯ ನೀರು ಎಷ್ಟಿದೆಯೋ ಅಲ್ಲಿವರೆಗೆ ತಾನಾಗಿ ಬಂದು ನಿಲ್ಲುತ್ತದೆ. ಈಗ ಪೈಪಿನ ಮೇಲಿನ ತುದಿಯನ್ನು ಬಾವಿಯ ನೀರಿನ ಮಟ್ಟಕ್ಕಿಂತ ಸ್ವಲ್ಪ ತಗ್ಗಿರುವ ತೊಟ್ಟಿಗೆ ಸೇರಿಸಿದರೆ ತಳದ ನೀರು ತಾನೇ ಹರಿದು ತೊಟ್ಟಿಗೆ ಬರುತ್ತದೆ. ಟೊರಾಂಟೊದಲ್ಲಿ ಆಗುವುದೂ ಇದೇ. ತೊಟ್ಟಿಯಿಂದ ಮುಂದಕ್ಕೆ ತಳ್ಳಲು ಮಾತ್ರ ಪಂಪ್ ಬೇಕು. ಪೈಪ್ ಉದ್ದವಾದ್ದರಿಂದ ಒಳಗೋಡೆಯ ತಿಕ್ಕಾಟಕ್ಕೆ ಒಂದಿಷ್ಟು ಒತ್ತಡ ಹೋಗುತ್ತದೆ. ಪೈಪ್ ಅಷ್ಟು ದೊಡ್ಡದಿರುವುದು ಅದಕ್ಕೇ. ಒಂದೊಂದರ ಅಡ್ಡಳತೆ ಸುಮಾರು 1.6 ಮೀಟರ್. ಸಾಧಾರಣ ಎತ್ತರದವರು ಸ್ವಲ್ಪ ಬಗ್ಗಿಕೊಂಡು ಒಳಗೆ ನಡೆದು ಹೋಗಬಹುದು.

ಪೈಪ್ ಕಬ್ಬಿಣದ್ದಲ್ಲ, ಗಟ್ಟಿ ಪಾಲಿಥಿಲೀನ್‌ನದ್ದು. ನಮ್ಮ ಹೊಲಗಳಲ್ಲಿ ಹಾಕುವ ಕಪ್ಪು ಪೈಪಿನ ದೊಡ್ಡಣ್ಣ ಅನ್ನಿ. ತುಕ್ಕು ಹಿಡಿಯುವುದಿಲ್ಲ, ನೀರಿಗಿಂತ ಹಗುರ. ಹಾಗಾಗಿ ಇಂಥ ಪೈಪನ್ನು ನೀರಿನ ಮೇಲೆ ತೇಲಿಸಿಕೊಂಡೇ ಎಳೆದೊಯ್ಯಬಹುದು. ಜಾಗಕ್ಕೆ ಬಂದ ಮೇಲೆ ಒಳಗೆ ನೀರು ತುಂಬಿಸಿ ಮುಳುಗಿಸುತ್ತಾರೆ. ಮತ್ತೆ ತೇಲದಂತೆ ಕಾಂಕ್ರೀಟ್ ಭಾರ ಕಟ್ಟಿರುತ್ತಾರೆ.

ಇಡ್ಲಿ ತಟ್ಟೆಯ ಹಾಗೆ ಜೋಡಿಸಿದ ಸ್ಟೀಲು

ಪಂಪ್‌ಹೌಸಿನ ಹೆಸರು ಜಾನ್ ಸ್ಟ್ರೀಟ್ ಪಂಪಿಂಗ್ ಸ್ಟೇಷನ್. ಸಿಎನ್ ಟವರ್ ನೋಡಲು ಹೋದವರೆಲ್ಲ ಗೊತ್ತಿಲ್ಲದೆ ಅದರ ಹತ್ತಿರವೇ ಓಡಾಡಿರುತ್ತಾರೆ. ಒಂದು ಕಡೆ ಬೇಸ್‌ಬಾಲ್ ಸ್ಟೇಡಿಯಂ, ಇನ್ನೊಂದು ಕಡೆ ಹಳೆಯ ರೈಲು ಇಂಜಿನ್‌ಗಳ ಪಾರ್ಕ್. ಜನ ಗೋಪುರದ ಕಡೆ ತಲೆ ಎತ್ತಿ ಫೋಟೋ ತೆಗೆಯುತ್ತಿದ್ದರು. ಅಕ್ಕನ ಮಗಳು "ಮಾಮಾ, ನೀವು ಮಾತ್ರ ಪಂಪ್‌ಹೌಸ್ ಫೋಟೋ ತೆಗೀತಿದೀರಾ" ಅಂದಳು. ತೆಗೆಯದೆ ಇರಲು ಆಗಲಿಲ್ಲ. ನನಗೆ ಆ ಊರಿನಲ್ಲಿ ನೋಡಬೇಕಿದ್ದದ್ದೇ ಅದು.

ಒಳಗಿರುವುದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್‌ಗಳು, ಅಂದರೆ ಎರಡು ನೀರನ್ನು ಬೆರೆಸದೆ ಒಂದರ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಯಂತ್ರಗಳು. ಅವುಗಳ ಜಾತಿ ನನಗೆ ಚೆನ್ನಾಗಿ ಗೊತ್ತು. ಬೆಂಗಳೂರಿನಲ್ಲಿ ಎಷ್ಟೋ ಸಲ ಬಿಚ್ಚಿ ತೊಳೆಸಿದ್ದೇನೆ. ಉದ್ದನೆಯ ಬೋಲ್ಟ್‌ಗಳನ್ನು ಸಡಿಲ ಮಾಡಿದರೆ ನೂರಾರು ತೆಳು ಸ್ಟೀಲ್ ಹಾಳೆಗಳು ಪುಸ್ತಕದ ಹಾಗೆ ತೆರೆದುಕೊಳ್ಳುತ್ತವೆ. ಒಂದೊಂದು ಹಾಳೆಯ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಮೇಲೆ ಮೀನಿನ ಮುಳ್ಳಿನ ಹಾಗೆ ಓರೆ ಗೆರೆಗಳು. ಅಂಚಿಗೆ ರಬ್ಬರ್ ಗ್ಯಾಸ್ಕೆಟ್. ಇಡ್ಲಿ ಪಾತ್ರೆಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಕೂರಿಸಿದ ಹಾಗೆ ಇವನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ. ಒಂದು ಸಂದಿನಲ್ಲಿ ತಣ್ಣೀರು, ಪಕ್ಕದ ಸಂದಿನಲ್ಲಿ ಬಿಸಿ ನೀರು, ಅದರ ಪಕ್ಕದಲ್ಲಿ ಮತ್ತೆ ತಣ್ಣೀರು. ಎರಡೂ ಎದುರುಬದುರು ಹರಿಯುತ್ತವೆ. ಆ ಓರೆ ಗೆರೆಗಳಿಂದ ನೀರು ಸುಮ್ಮನೆ ಜಾರಿ ಹೋಗದೆ ಹೊರಳಾಡಿಕೊಂಡು ಹೋಗುತ್ತದೆ. ಶಾಖ ಬೇಗ ದಾಟುತ್ತದೆ.

ಮಗುವಿಗೆ ಹಾಲು ಆರಿಸಲು ಅಮ್ಮಂದಿರು ಬಿಸಿ ಹಾಲಿನ ಲೋಟವನ್ನು ತಣ್ಣೀರಿನ ಬಟ್ಟಲಲ್ಲಿ ಇಡುವುದಿಲ್ಲವಾ? ಹಾಲಿನ ಬಿಸಿ ನೀರಿಗೆ ಬರುತ್ತದೆ, ಹಾಲು ಮಾತ್ರ ನೀರಿಗೆ ಸೇರುವುದಿಲ್ಲ. ಟೊರಾಂಟೊದ ಕೆಲಸವೂ ಇಷ್ಟೇ. ಶುದ್ಧೀಕರಿಸಿದ ಕುಡಿಯುವ ನೀರು ಹಾಳೆಯ ಒಂದು ಮಗ್ಗುಲಲ್ಲಿ ಹೋಗುತ್ತದೆ. ಇನ್ನೊಂದು ಮಗ್ಗುಲಲ್ಲಿ ಎನ್‌ವೇವ್‌ನ ಸ್ವಂತ ನೀರು. ಅದು ಮುಚ್ಚಿದ ಪೈಪಿನಲ್ಲಿ ಊರ ಮಧ್ಯದ ರಸ್ತೆಗಳ ಕೆಳಗೆ ಸುತ್ತು ಹಾಕುತ್ತಲೇ ಇರುತ್ತದೆ. ಒಂದೊಂದು ಕಟ್ಟಡದ ನೆಲಮಾಳಿಗೆಯಲ್ಲೂ ಇನ್ನೊಂದು ಎಕ್ಸ್‌ಚೇಂಜರ್ ಇದೆ. ಅಲ್ಲಿ ಆ ತಂಪು ಕಟ್ಟಡದ ಒಳಗಿನ ನೀರಿಗೆ ದಾಟುತ್ತದೆ. ಹೀಗೆ ಮೂರು ನೀರು, ಮೂರು ಸುತ್ತು. ಒಂದರ ಹನಿ ಇನ್ನೊಂದಕ್ಕೆ ಸೇರುವುದಿಲ್ಲ. ಕುಡಿಯುವ ನೀರು ಪಂಪ್‌ಹೌಸಿನಿಂದ ಹೊರಡುವಾಗ ಸುಮಾರು 12 ಡಿಗ್ರಿ ಆಗಿರುತ್ತದೆ. ನಲ್ಲಿ ತಿರುಗಿಸಿದವರಿಗೆ ಅದು ಇನ್ನೂ ಹಲ್ಲು ಜುಮ್ಮೆನ್ನುವ ತಣ್ಣೀರೇ.

4ರಿಂದ 12ಕ್ಕೆ, ಎಂಟು ಡಿಗ್ರಿ. ಇದರಲ್ಲಿ ಎಷ್ಟು ಕೆಲಸ ಆಗುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. ಮನೆಯ ಒಂದೂವರೆ ಟನ್ ಎಸಿ (ಟನ್ ಅಂದರೆ ಇಲ್ಲಿ ತೂಕ ಅಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಮಾಡುವ ಕೆಲಸಕ್ಕೆ ಸೆಕೆಂಡಿಗೆ ಸುಮಾರು 160 ಮಿಲಿಲೀಟರ್ ಇಂಥ ನೀರು ಸಾಕು. ಒಂದು ಸಣ್ಣ ಕಾಫಿ ಲೋಟ. ಆ ನೀರು ಖರ್ಚೂ ಆಗುವುದಿಲ್ಲ. ಎಂಟು ಡಿಗ್ರಿ ಬಿಸಿಯಾಗಿ ಮುಂದೆ ಹೋಗುತ್ತದೆ, ಅಷ್ಟೇ.

ಒಂದು ಪೈಪು, ಎರಡು ಅಗತ್ಯ

ಸರೋವರ ತಣ್ಣಗಿದೆ ಅನ್ನುವುದು ಅಲ್ಲಿನವರಿಗೆ ಹೊಸ ವಿಷಯ ಏನಲ್ಲ. ಆ ತಂಪನ್ನು ಕಟ್ಟಡಗಳಿಗೆ ತರಬಹುದು ಅಂತ ರಾಬರ್ಟ್ ಟ್ಯಾಂಬ್ಲಿನ್ ಎಂಬ ಎಂಜಿನಿಯರ್ 1980ರ ದಶಕದಲ್ಲೇ ಹೇಳುತ್ತಾ ಬಂದಿದ್ದರು. ಆದರೂ ಕೆಲಸ ಮುಗಿಯಲು 2004 ಆಗಬೇಕಾಯಿತು. ಐದು ಕಿಲೋಮೀಟರ್ ಪೈಪನ್ನು ಬರೀ ಎಸಿಗೋಸ್ಕರ ಹಾಕಿದರೆ ಹಾಕಿದ ದುಡ್ಡು ಯಾವಾಗ ಹುಟ್ಟಬೇಕು? ಈ ಪ್ರಶ್ನೆಗೆ ಉತ್ತರ ಬಂದದ್ದು ನೀರು ಸರಬರಾಜು ಮಾಡುವವರ ಕಡೆಯಿಂದ.

ಟೊರಾಂಟೊ ಕುಡಿಯುವುದು ಇದೇ ಸರೋವರದ ನೀರನ್ನು. ಹಳೆಯ ಪೈಪ್‌ಗಳು ದಡಕ್ಕೆ ಹತ್ತಿರ, ಕಡಿಮೆ ಆಳದಲ್ಲಿದ್ದವು. ಬೇಸಿಗೆ ಕೊನೆಯಲ್ಲಿ ಪಾಚಿ ಬೆಳೆದು ನೀರಿಗೆ ಮಣ್ಣಿನ ವಾಸನೆ ಬರುತ್ತಿತ್ತು. ಜನ ದೂರುತ್ತಿದ್ದರು. 1980ರ ದಶಕದ ಕೊನೆಗೆ ಹೊರಗಿನ ಹಡಗುಗಳ ಜೊತೆ ಬಂದ ಜೀಬ್ರಾ ಮಸ್ಸೆಲ್ ಅನ್ನುವ ಸಣ್ಣ ಚಿಪ್ಪಿನ ಹುಳುಗಳು ಆ ಭಾಗದ ಸರೋವರಗಳಲ್ಲೆಲ್ಲ ಹಬ್ಬಿ, ಪೈಪ್‌ಗಳ ಒಳಗೆ ಗೂಡು ಕಟ್ಟತೊಡಗಿದವು. ಆಳಕ್ಕೆ ಹೋದರೆ ಪಾಚಿಯ ಕಾಟವೂ ಇಲ್ಲ, ಚಿಪ್ಪಿನ ಕಾಟವೂ ಕಡಿಮೆ. ಅಂದರೆ ನೀರಿನವರಿಗೂ ಆಳದ ಪೈಪೇ ಬೇಕಿತ್ತು.

ಇನ್ನೊಂದು ಕಡೆ, ಚಳಿಗಾಲದಲ್ಲಿ ಊರ ಮಧ್ಯದ ಕಟ್ಟಡಗಳಿಗೆ ಪೈಪಿನಲ್ಲಿ ಹಬೆ ಕಳಿಸಿ ಬೆಚ್ಚಗಿಡುವ ಸಂಸ್ಥೆಯೊಂದು ಮೊದಲೇ ಇತ್ತು. ಎನ್‌ವೇವ್ ಆದದ್ದು ಅದೇ. ಅವರಿಗೆ ರಸ್ತೆ ಅಗೆದು ಪೈಪ್ ಹಾಕುವ ಅನುಭವ ಇತ್ತು, ಕಟ್ಟಡ ಮಾಲೀಕರ ಪರಿಚಯ ಇತ್ತು. ಅದರ ಮೇಲೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಝೋನ್ ಹಾಳುಮಾಡುವ ಹಳೆಯ ಚಿಲ್ಲರ್ ಅನಿಲಗಳಿಗೆ ಕಡಿವಾಣ ಬಿತ್ತು. ಮಾಲೀಕರು ಹೇಗೂ ಹಳೆಯ ಚಿಲ್ಲರ್ ಬದಲಾಯಿಸಲೇಬೇಕಿತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ಜೀವ ಇರುವುದು ಇಲ್ಲೇ. ತಣ್ಣನೆಯ ಸರೋವರ ಎಷ್ಟೋ ಊರಿಗಿದೆ. ಟೊರಾಂಟೊ ಮಾಡಿದ್ದು ಎರಡು ಕೆಲಸಗಳನ್ನು ಒಂದೇ ಪೈಪಿಗೆ ಕಟ್ಟಿದ್ದು. ನೀರು ಹೇಗೂ ಊರಿಗೆ ಬರಬೇಕು, ಹೇಗೂ ಪಂಪ್ ಆಗಬೇಕು. ಅದರ ಕರೆಂಟಿನ ಖರ್ಚು ಆಗಲೇ ಲೆಕ್ಕದಲ್ಲಿದೆ. ಅದರ ಜೊತೆ ಬರುವ ತಂಪು ಮಾತ್ರ ಯಾರಿಗೂ ಬೇಡವಾಗಿ ಪೈಪಿನಲ್ಲೇ ಕರಗಿ ಹೋಗುತ್ತಿತ್ತು. ಅದನ್ನು ಮಧ್ಯದಲ್ಲಿ ಇಳಿಸಿಕೊಂಡರು. ನೀರಿನ ಇಲಾಖೆಯವರೂ ಎಸಿಯವರೂ ಒಂದೇ ಮೇಜಿನ ಸುತ್ತ ಕೂತು ಒಂದು ಕರಾರು ಬರೆದದ್ದು ನನಗೆ ಆ ಪೈಪ್ ಹಾಕಿದ್ದಕ್ಕಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ. ಇಲಾಖೆಗಳ ಜೊತೆ ವ್ಯವಹರಿಸಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಶುರುವಾಗುವ ಒಂದು ವರ್ಷ ಮೊದಲು, 2003ರ ಆಗಸ್ಟ್ 14ರಂದು, ಒಂಟಾರಿಯೊ ಮತ್ತು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಕರೆಂಟ್ ಹೋಗಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಕೂತಿದ್ದರು. ಟೊರಾಂಟೊ ಕೂಡ. ಕಾರಣ ಬೇರೆ ಬೇರೆ ಇದ್ದವು. ಆದರೆ ಬೇಸಿಗೆ ಮಧ್ಯಾಹ್ನದ ಕರೆಂಟ್ ಎಷ್ಟು ನಾಜೂಕು ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಸರೋವರದ ತಂಪಿನಿಂದ ವಿದ್ಯುತ್ ಜಾಲದ ಮೇಲಿನ ಬೇಡಿಕೆ ಸುಮಾರು 61 ಮೆಗಾವ್ಯಾಟ್ ಇಳಿಯುತ್ತದೆ ಎಂಬುದು ಯೋಜನೆಯ ಲೆಕ್ಕ. ಅದೂ ಇಡೀ ಊರು ಎಸಿ ಹಾಕಿಕೊಂಡು ಕೂತಿರುವ ಹೊತ್ತಿನಲ್ಲಿ.

ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ

ಇದೇ ಉಪಾಯವನ್ನು ಟೊರಾಂಟೊಗಿಂತ ಮೊದಲು ಮಾಡಿದವರಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ 2000ದ ಜುಲೈಯಲ್ಲಿ ಪಕ್ಕದ ಕಯುಗಾ ಸರೋವರದಿಂದ ತಂಪು ತೆಗೆಯಲು ಶುರುಮಾಡಿತು. ಅಲ್ಲೂ ಸುಮಾರು 76 ಮೀಟರ್ ಆಳ, ಅಲ್ಲೂ ಪ್ಲೇಟ್ ಎಕ್ಸ್‌ಚೇಂಜರ್. ಕರೆಂಟ್ ಉಳಿತಾಯವೂ 80 ಶೇಕಡಾ ದಾಟಿತು.

ಆದರೆ ಕಾರ್ನೆಲ್ ಆ ನೀರನ್ನು ಯಾರಿಗೂ ಕುಡಿಯಲು ಕೊಡುವುದಿಲ್ಲ. ತಂಪು ತೆಗೆದುಕೊಂಡು ವಾಪಸ್ ಸರೋವರಕ್ಕೇ ಬಿಡುತ್ತದೆ. ಬಿಡುವುದು ದಕ್ಷಿಣದ ತುದಿಯ ಕಡಿಮೆ ಆಳದ ಕಡೆ. ಆಳದ ನೀರಿನಲ್ಲಿ ರಂಜಕದ ಅಂಶ ಇರುತ್ತದೆ. ರಂಜಕ ಅಂದರೆ ಪಾಚಿಗೆ ಗೊಬ್ಬರ. ಬಿಸಿಲು ಬೀಳುವ ತೆಳು ನೀರಿಗೆ ಅದನ್ನು ತಂದು ಸುರಿದರೆ ಪಾಚಿ ಜಾಸ್ತಿಯಾಗುವುದಿಲ್ಲವೇ ಎಂದು ಸ್ಥಳೀಯರು ಮೊದಲಿನಿಂದಲೂ ವಿರೋಧಿಸಿದರು. 2013ರಲ್ಲಿ ಪರವಾನಗಿ ನವೀಕರಿಸುವಾಗ ಸರೋವರದ ದೊಡ್ಡ ಅಧ್ಯಯನವನ್ನೇ ಮಾಡಬೇಕು ಎಂಬ ಷರತ್ತು ಬಿತ್ತು. ಆ ತುದಿಗೆ ಹೊಳೆಗಳಿಂದಲೂ ಕೊಳಚೆ ಶುದ್ಧೀಕರಣ ಘಟಕಗಳಿಂದಲೂ ರಂಜಕ ಬರುತ್ತದೆ. ಹಾಗಾಗಿ ತಪ್ಪನ್ನೆಲ್ಲ ಎಸಿ ಪೈಪಿನ ಮೇಲೆ ಹೊರಿಸುವುದು ಸರಿಯಲ್ಲ. ಆದರೂ ಆ ಜನರ ಆತಂಕವನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಕಣ್ಣಾರೆ ಕಂಡವನು ನಾನು. ನೀರಿಗೆ ಏನನ್ನಾದರೂ ಬಿಡುವ ಮೊದಲು ಹತ್ತು ಸಲ ಕೇಳಬೇಕು.

ಟೊರಾಂಟೊದಲ್ಲಿ ಈ ಜಗಳ ಹುಟ್ಟಲಿಲ್ಲ. ಅಲ್ಲಿ ಬಿಸಿಯಾದ ನೀರು ಸೀದಾ ಸರೋವರಕ್ಕೆ ಮರಳುವುದಿಲ್ಲ. ಜನ ಅದರಲ್ಲಿ ಅಡುಗೆ ಮಾಡುತ್ತಾರೆ, ಬಟ್ಟೆ ಒಗೆಯುತ್ತಾರೆ. ಆಮೇಲಿನದ್ದು ಊರಿನ ಮಾಮೂಲು ಚರಂಡಿಯ ದಾರಿ.

ದುಡ್ಡಿನ ಮಾತನ್ನೂ ಹೇಳಬೇಕು. ಹವಾಯಿಯ ಹೊನೊಲುಲುವಿನಲ್ಲಿ ಸಮುದ್ರದ ಆಳದ ನೀರಿನಿಂದ ಊರು ತಂಪು ಮಾಡುವ ಯೋಜನೆ ವರ್ಷಗಟ್ಟಲೆ ಕಾಗದದ ಮೇಲಿತ್ತು. ಖರ್ಚು ಏರುತ್ತಲೇ ಹೋಗಿ 2020ರ ಕೊನೆಗೆ ಅದನ್ನು ಕೈಬಿಟ್ಟರು. ಪೈಪಿನ ದುಡ್ಡು ಮೊದಲೇ ಸುರಿಯಬೇಕು, ಉಳಿತಾಯ ಬರುವುದು ನಿಧಾನಕ್ಕೆ. ಖರ್ಚು ಹಂಚಿಕೊಳ್ಳಲು ಇನ್ನೊಬ್ಬರು ಇದ್ದದ್ದು ಟೊರಾಂಟೊಗೆ ಎಷ್ಟು ಅನುಕೂಲವಾಯಿತು ಅನ್ನುವುದು ಆಗ ಗೊತ್ತಾಗುತ್ತದೆ.

ಆ ಜೊತೆಗಾರಿಕೆಯೇ ಟೊರಾಂಟೊಗೆ ಒಂದು ಮಿತಿಯನ್ನೂ ಹಾಕಿದೆ. ಊರು ಎಷ್ಟು ನೀರು ಕುಡಿಯುತ್ತದೋ ಅಷ್ಟೇ ತಂಪು ಸಿಗುತ್ತದೆ. ಸೆಕೆ ಜಾಸ್ತಿಯಾದಾಗ ನೀರಿನ ಬಳಕೆಯೂ ಜಾಸ್ತಿಯಾಗುತ್ತದೆ, ಅದು ಒಳ್ಳೆಯದೇ. ಆದರೆ ಗೋಪುರಗಳು ಏಳುತ್ತಲೇ ಇವೆ. ಚಳಿಗಾಲದಲ್ಲೂ ತಂಪು ಬೇಕು ಅನ್ನುವ ಡೇಟಾ ಸೆಂಟರ್‌ಗಳು ಬಂದಿವೆ. ಫ್ರಂಟ್ ಸ್ಟ್ರೀಟಿನ 151ನೇ ನಂಬರಿನ ಕಟ್ಟಡ ಅಂಥದ್ದೇ. ಕೆನಡಾದ ಇಂಟರ್ನೆಟ್‌ನ ದೊಡ್ಡ ಕೂಡುದಾರಿಗಳಲ್ಲಿ ಒಂದು, ತಂಪು ಇದೇ ಸರೋವರದ್ದು. ಹಾಗಾಗಿ ಕಂಪನಿ ನಾಲ್ಕನೆಯ ಪೈಪ್‌ಗೆ ಕೈಹಾಕಿತು. 'ದಿ ವೆಲ್' ಅನ್ನುವ ಹೊಸ ಬಡಾವಣೆಯ ಕೆಳಗೆ ಸುಮಾರು 76 ಲಕ್ಷ ಲೀಟರಿನ ತೊಟ್ಟಿಯನ್ನೂ ಕಟ್ಟಿದರು. ರಾತ್ರಿ ತಂಪು ತುಂಬಿಟ್ಟುಕೊಂಡು ಮಧ್ಯಾಹ್ನದ ಸೆಕೆಗೆ ತೆಗೆಯುವ ಸಣ್ಣ ಕಣಜ ಅದು.

ಒಂದು ವಿಷಯ ಮನಸ್ಸಿಗೆ ಹಿಡಿಸಲಿಲ್ಲ. ಎನ್‌ವೇವ್‌ನಲ್ಲಿ ಟೊರಾಂಟೊ ನಗರಕ್ಕೂ ಪಾಲಿತ್ತು. 2012ರಲ್ಲಿ ಅದನ್ನು ಬ್ರೂಕ್‌ಫೀಲ್ಡ್ ಎಂಬ ಖಾಸಗಿ ಕಂಪನಿಗೆ ಮಾರಿದರು. ಸರೋವರ ಊರಿನದ್ದು, ನೀರು ಊರಿನದ್ದು. ಅದರ ತಂಪಿನ ಆದಾಯವೂ ಊರಿಗೇ ಉಳಿಯಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಟೆರೇಸಿನ ಲೆಕ್ಕ

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ಗೆಳೆಯರು ಕೇಳಿದರು, ನಮ್ಮ ಕೆರೆಯಲ್ಲಿ ಯಾಕೆ ಆಗಲ್ಲ ಅಂತ. ಆಗುವುದಿಲ್ಲ. ನಮ್ಮ ಕೆರೆಗಳು ತಟ್ಟೆಯ ಹಾಗೆ, ಆಳವೇ ಇಲ್ಲ. ಅದಕ್ಕಿಂತ ಮುಖ್ಯವಾಗಿ ನಮಗೆ ಆ ಚಳಿಗಾಲವಿಲ್ಲ. ಕಣಜ ಇದ್ದರೂ ಸುಗ್ಗಿ ಇಲ್ಲ. ಲಿಂಗನಮಕ್ಕಿಯಂಥ ಆಳದ ಜಲಾಶಯದ ತಳದಲ್ಲೂ 4 ಡಿಗ್ರಿ ಸಿಗುವುದಿಲ್ಲ. ಸಮುದ್ರದ ತಂಪಾದರೂ ಸಿಗುತ್ತದಾ ಅಂದರೆ, ಅಷ್ಟು ತಣ್ಣನೆಯ ನೀರು ಮುಟ್ಟಲು ಒಂದು ಕಿಲೋಮೀಟರಿಗಿಂತಲೂ ಆಳಕ್ಕೆ ಇಳಿಯಬೇಕು. ಮಂಗಳೂರಿನ ಕರಾವಳಿಯಲ್ಲಿ ಸಮುದ್ರ ಬಹಳ ದೂರದವರೆಗೆ ಆಳವಿಲ್ಲದ್ದು.

ಆದರೆ ಟೊರಾಂಟೊದಿಂದ ಬಂದ ಮೇಲೆ ನಮ್ಮ ಕೂಲಿಂಗ್ ಟವರ್‌ಗಳನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತಿದ್ದೇನೆ. ಚಿಲ್ಲರ್ ಹೊರಹಾಕುವ ಶಾಖವನ್ನು ಟವರ್ ನೀರು ಆವಿ ಮಾಡಿ ಕಳೆಯುತ್ತದೆ. ಒಂದು ಟನ್ ತಂಪಿಗೆ ಗಂಟೆಗೆ ಆರೂವರೆ ಲೀಟರ್ ಹತ್ತಿರ ನೀರು ಗಾಳಿಗೆ ಹೋಗುತ್ತದೆ. 500 ಟನ್ ಚಿಲ್ಲರ್ ಪೂರ್ತಿ ಹೊರೆಯಲ್ಲಿ ಹತ್ತು ಗಂಟೆ ಓಡಿದರೆ 32,000 ಲೀಟರಿಗೂ ಜಾಸ್ತಿ. ಆರು ಸಾವಿರ ಲೀಟರಿನ ಟ್ಯಾಂಕರ್ ಐದಾರು ಬೇಕು. ಒಂದೇ ಕಟ್ಟಡಕ್ಕೆ, ಒಂದೇ ದಿನಕ್ಕೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ ದಂಡ ಎಂದಾಗ ನನಗೆ ನೆನಪಾದದ್ದು ಟೆರೇಸಿನ ಮೇಲೆ ದಿನವಿಡೀ ಏಳುವ ಆ ಹಬೆ.

ಬೆಂಗಳೂರಿನಲ್ಲಿ ದಿನವಿಡೀ ಪೈಪಿನಲ್ಲಿ ಹರಿಯುವ, ಯಾರೂ ಕುಡಿಯದ ಒಂದು ನೀರಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಕೆ.ಸಿ. ವ್ಯಾಲಿ ಅಂದರೆ ಎಲ್ಲರಿಗೂ ಗೊತ್ತು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಅದು ತಣ್ಣೀರಲ್ಲ. ಚಿಲ್ಲರನ್ನು ಬಿಟ್ಟುಬಿಡಲು ಅದರಿಂದ ಆಗುವುದಿಲ್ಲ. ಆದರೆ ಚಿಲ್ಲರಿನ ಶಾಖವನ್ನು ಟವರಿನ ಬದಲು ಆ ನೀರಿಗೆ ದಾಟಿಸಬಹುದು. ಅಷ್ಟೂ ನೀರನ್ನು ಬರೀ ಮೂರು ಡಿಗ್ರಿ ಬಿಸಿಯಾಗಲು ಬಿಟ್ಟರೆ ಸುಮಾರು 14,000 ಟನ್ ಎಸಿಯ ಶಾಖ ಅದರಲ್ಲಿ ಹೋಗುತ್ತದೆ. ಟವರ್‌ಗಳಲ್ಲಿ ಆವಿಯಾಗುತ್ತಿದ್ದ ಗಂಟೆಗೆ 90,000 ಲೀಟರ್ ನೀರು ಉಳಿಯುತ್ತದೆ. ಹದಿನೈದು ಟ್ಯಾಂಕರ್, ಪ್ರತಿ ಗಂಟೆಗೆ.

ಇದು ನನ್ನ ಕಾಗದದ ಲೆಕ್ಕ. ಪಂಪ್ ನಿಂತ ದಿನ ಕಟ್ಟಡಗಳ ಗತಿ ಏನು ಅನ್ನುವುದಕ್ಕೆ ಹಳೆಯ ಟವರ್‌ಗಳನ್ನು ಕೀಳದೆ ಇಟ್ಟುಕೊಳ್ಳಬೇಕು. ಪೈಪಿನ ದಾರಿ ಮತ್ತು ಕಟ್ಟಡಗಳ ದೂರ ನೋಡಬೇಕು. ನನಗೆ ಎಲ್ಲಕ್ಕಿಂತ ದೊಡ್ಡ ಚಿಂತೆ ಪ್ಲೇಟ್‌ಗಳದ್ದು. ಒಮ್ಮೆ ಒಂದು ಕಟ್ಟಡದಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಹರಿಯುತ್ತಿದ್ದ ಎಕ್ಸ್‌ಚೇಂಜರ್ ಬಿಚ್ಚಿಸಿದ್ದೆ. ಮೀನಿನ ಮುಳ್ಳಿನ ಗೆರೆಗಳೆಲ್ಲ ಮುಚ್ಚಿಹೋಗಿದ್ದವು. ಬೆರಳಿಟ್ಟರೆ ಗಂಜಿಯ ಹಾಗೆ ಲೋಳೆ ಬರುತ್ತಿತ್ತು. ಇಬ್ಬರು ಹುಡುಗರು ಬ್ರಷ್ ಹಿಡಿದು ಒಂದೊಂದೇ ಹಾಳೆ ಉಜ್ಜಿ ಮುಗಿಸಲು ಎರಡು ದಿನ ಹಿಡಿಯಿತು. ಮೊದಲು ಆ ಪೈಪಿನ ದಾರಿಗೆ ಹತ್ತಿರದ ಒಂದೇ ಒಂದು ಕಟ್ಟಡದಲ್ಲಿ, ಫೆಬ್ರವರಿಯಿಂದ ಮೇವರೆಗೆ ಓಡಿಸಿ, ಎಷ್ಟು ವಾರಕ್ಕೊಮ್ಮೆ ತೊಳೆಯಬೇಕಾಗುತ್ತದೆ ಅಂತ ಬರೆದಿಟ್ಟುಕೊಳ್ಳಬೇಕು.